ಜಗಳ ಆಡಿಸಿ ಫ್ರೆಂಚ್ ಕಲಿಸುವ ರಾಧಕ್ಕ

ಬಂಗಾರಪೇಟೆ ಜಂಕ್ಷನ್ನಿನ ದೀಪಗಳು ಇನ್ನೂ ಉರಿಯುತ್ತಿವೆ. ಮಾರಿಕುಪ್ಪಂ ಕಡೆಯಿಂದ ಬಂದ ಬೆಳಗಿನ ಗಾಡಿ ನಿಂತಿದ್ದೇ ತಡ, ಜನ ಕಿಟಕಿಯಿಂದಲೇ ಸೀಟಿಗೆ ಟವೆಲು ಎಸೆದು ಒಳಕ್ಕೆ ನುಗ್ಗುತ್ತಾರೆ. ಗಾಡಿ ಹೊರಡುವ ಮೊದಲೇ ಹಿಂದಿನ ಬೋಗಿಯೊಂದರಲ್ಲಿ ಜಗಳ ಹತ್ತಿಕೊಳ್ಳುತ್ತದೆ.

“ಫೋನಲ್ಲಿ ಲೆಕ್ಕ ಮಾಡೋದು ಬಂದ ಮ್ಯಾಕೆ ನಿಂಗೆ ಮಗ್ಗಿ ಬತ್ತದೇನ್ಲಾ? ಒಪ್ಸು ನೋಡಾನ, ಅದಿನೇಳರ ಮಗ್ಗಿ!”

“ಬರ್ದೇ ಇದ್ರೆ ಏನೀಗ? ಮಗ್ಗಿ ಏಳೋ ಒತ್ತಲ್ಲಿ ನಾನು ಬೇರೆ ಏನಾರ ಒಸದು ಯೋಚ್ನೆ ಮಾಡ್ತೀನಿ.”

“ನೀನಾ? ಮುಂದಿನ ರೀಲು ಯಾವುದು ನೋಡಾನ ಅನ್ನೋದು ಬಿಟ್ಟು ಇನ್ನೇನು ಯೋಚ್ನೆ ಮಾಡಿದೀಯ ನೀನು?”

ಸುತ್ತ ನಿಂತವರು ನಗುತ್ತಾರೆ. ಕೆಣಕಿದವಳು ಚಂದನ, ಪೆಟ್ಟು ತಿಂದವನು ಬಾಲಾಜಿ. ಇಬ್ಬರೂ ಬೆಂಗಳೂರಿನ ಒಂದೇ ಕಾಲೇಜಿನಲ್ಲಿ ಪದವಿ ಓದುತ್ತಾರೆ. ಹೊಸದಾಗಿ ಹತ್ತಿದ ಯಾರಾದರೂ ಇದು ಸೀಟಿನ ಜಗಳವೆಂದು ತಿಳಿದು ಸಮಾಧಾನಕ್ಕೆ ಬರುವುದುಂಟು. ದಿನದ ಪ್ರಯಾಣಿಕರು ಮಾತ್ರ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಫ್ರೆಂಚ್ ಪಾಠ.

ಇಬ್ಬರ ನಡುವೆ ಟಿಫನ್ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಕತ್ತಿನಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯ ಗುರುತಿನ ಚೀಟಿ ನೇತುಹಾಕಿಕೊಂಡು ಕೂತಿರುವ ಹೆಂಗಸೇ ಈ ಪಾಠದ ಮೇಡಂ. ಹೆಸರು ರಾಧ. ಹುಡುಗರ ಬಾಯಲ್ಲಿ ರಾಧಕ್ಕ. ಗಾಡಿ ಟೇಕಲ್ ದಾಟುವವರೆಗೂ ಅವರು ಜಗಳಕ್ಕೆ ಎಣ್ಣೆ ಸುರಿಯುತ್ತಾರೆಯೇ ಹೊರತು ನಂದಿಸುವುದಿಲ್ಲ. “ಬಾಲಾಜಿ, ಅವಳು ಅಷ್ಟು ಅಂದ್ರೂ ಸುಮ್ನೆ ಕೂತಿದೀಯಲ್ಲೋ, ನಾಲಗೆ ಮನೇಲಿ ಬಿಟ್ಟು ಬಂದೆಯಾ?” ಎಂದು ಛೇಡಿಸುತ್ತಾರೆ. ಮಾಲೂರು ಹತ್ತಿರವಾದಾಗ ಅಂಗೈ ಎತ್ತುತ್ತಾರೆ. “ಸಾಕು. ಈಗ ದೋಂಕ್.”

ದೋಂಕ್ ಎಂದರೆ ಫ್ರೆಂಚ್‌ನಲ್ಲಿ ‘ಆದ್ದರಿಂದ’. ಆ ಮಾತು ಬಿದ್ದ ತಕ್ಷಣ ಹುಡುಗರೆಲ್ಲ ಹಾಳೆ ತೆಗೆದು, ಇಷ್ಟು ಹೊತ್ತು ಕನ್ನಡ, ತೆಲುಗು, ತಮಿಳು ಕಲೆಸಿ ಕಿರುಚಾಡಿದ್ದನ್ನು ಫ್ರೆಂಚ್‌ನಲ್ಲಿ ಬರೆಯತೊಡಗುತ್ತಾರೆ. ಬೋಗಿ ಒಮ್ಮೆಗೇ ತಣ್ಣಗಾಗುತ್ತದೆ.

“ಅಪ್ಪಾಡಾ! ದೋಂಕ್ ಬಂತು. ಇನ್ನು ಸ್ವಲ್ಪ ಕಣ್ಣು ಮುಚ್ಕೋಬೋದು,” ಎನ್ನುತ್ತಾರೆ ಕಿಟಕಿ ಪಕ್ಕದ ಕುಪ್ಪುಸ್ವಾಮಿ. ಆಂಡರ್ಸನ್‌ಪೇಟೆಯವರಾದ ಇವರು ಇದೇ ಹುಡುಗರು ಓದುವ ಕಾಲೇಜಿನಲ್ಲಿ ಅಟೆಂಡರ್. ತಲೆಗೆ ಟವೆಲು ಸುತ್ತಿಕೊಂಡು ನಿದ್ದೆ ಮಾಡಬೇಕೆಂದು ದಿನವೂ ಇಲ್ಲೇ ಕೂರುತ್ತಾರೆ, ದಿನವೂ ಬೈಯುತ್ತಾರೆ. “ಕಾಲಂಗಾತ್ತಾಲೆ ಸಂಡೆ! ಬೆಳಬೆಳಿಗ್ಗೆ ಜಗಳ! ಊರಲ್ಲಿ ನಲ್ಲಿ ಹತ್ರ ಕೇಳಿ, ಇಲ್ಲಿ ಬಂದ್ರೆ ಇಲ್ಲೂ ಅದೇ. ಬೇರೆ ಬೋಗಿ ಸಿಗ್ಲಿಲ್ವಾಮಾ ನಿಮಗೆ?”

“ಬೇರೆ ಬೋಗೀಲಿ ನೀವಿರಲ್ವಲ್ಲ ಅಣ್ಣಾ,” ಎಂದು ರಾಧಕ್ಕ ನಗುತ್ತಾರೆ.

ಇವತ್ತು ಆ ನಗು ಬೇಗ ಆರಿಹೋಗುತ್ತದೆ. ಎದುರಿನ ಸೀಟಿನಲ್ಲಿ ಲಿಖಿತ ಕೂತಿದ್ದಾಳೆ. ಜಗಳದಲ್ಲಿ ಯಾವಾಗಲೂ ಮೊದಲ ಬಾಯಿ ಅವಳದ್ದು. ಇವತ್ತು ಅವಳು ತುಟಿ ಬಿಗಿಹಿಡಿದಿದ್ದಾಳೆ. ಅವಳು ಹೊರಟಿರುವುದು ತರಗತಿಗಲ್ಲ, ವಿಚಾರಣೆಗೆ. ಕಳೆದ ಪರೀಕ್ಷೆಯಲ್ಲಿ ಅವಳು ಫ್ರೆಂಚ್ ಪ್ರಬಂಧವನ್ನು ಮೋಸದಿಂದ ಬರೆದಳು ಎಂಬುದು ಕಾಲೇಜಿನ ದೂರು. ದೂರು ನಿಜವೆಂದಾದರೆ ಫಲಿತಾಂಶ ರದ್ದು, ಮತ್ತೆ ಪರೀಕ್ಷೆಗೆ ಕೂರಲು ವರ್ಷಗಟ್ಟಲೆ ಕಾಯಬೇಕು, ಮಾಲೂರಿನ ಶಾಲೆಯೊಂದರಲ್ಲಿ ಕಾದಿರುವ ಕೆಲಸವೂ ಇಲ್ಲ. ಮೋಸಕ್ಕೆ ಸಾಕ್ಷಿ ಏನು? ಬರೆಯುವಾಗ ಅವಳ ತುಟಿ ಅಲ್ಲಾಡುತ್ತಿತ್ತು!

ಆ ತುಟಿಗೆ ಅಲ್ಲಾಡುವುದನ್ನು ಕಲಿಸಿದವರು ರಾಧಕ್ಕ. ಹಾಗಾಗಿ ಅವರು ಇವತ್ತು ಕಾರ್ಖಾನೆಗೆ ಚಕ್ಕರ್ ಹೊಡೆದಿದ್ದಾರೆ. ಸೂಪರ್‌ವೈಸರ್ ರಜೆ ಕೊಟ್ಟಿಲ್ಲ. “ಕೊಡ್ದಿದ್ರೆ ಬುಡು. ಲೇಬಲ್ಲು ನಾಳೆನೂ ಇರ್ತವೆ,” ಎಂದು ಹೇಳಿ ಫೋನು ಇಟ್ಟು ಬಂದಿದ್ದಾರೆ.

ಲೇಬಲ್ಲಿನ ಕತೆ ಹೇಳದಿದ್ದರೆ ಈ ಹೆಂಗಸಿಗೆ ಆಗಿರುವ ಅನ್ಯಾಯ ಅರ್ಥವಾಗುವುದಿಲ್ಲ. ವೈಟ್‌ಫೀಲ್ಡ್ ಹತ್ತಿರದ ಆ ಕಾರ್ಖಾನೆಯಿಂದ ಫ್ರಾನ್ಸಿಗೆ ಬಟ್ಟೆ ಹೋಗುತ್ತದೆ. ತಣ್ಣೀರಿನಲ್ಲಿ ಒಗೆಯಿರಿ, ನೆರಳಲ್ಲಿ ಒಣಗಿಸಿ ಎಂದು ಫ್ರೆಂಚ್‌ನಲ್ಲಿ ಬರೆದ ಚಿಂದಿಯಂಥ ಲೇಬಲ್ಲು ಸರಿಯಾಗಿದೆಯೇ ಎಂದು ನೋಡುವುದು ರಾಧ ಅವರ ಕೆಲಸ. ದಿನವಿಡೀ ಅದೇ. “ನನ್ನ ಫ್ರೆಂಚು ಶರಟಿನ ಕಾಲರ್ ಕೆಳಗೆ ಇರ್ತದೆ. ತೊಟ್ಟೋರಿಗೆ ಕತ್ತು ಕಡಿದ್ರೆ ಕಿತ್ತು ಬಿಸಾಕ್ತಾರೆ,” ಎನ್ನುತ್ತಾರೆ ಅವರು. ರೈಲಿನಲ್ಲಿ ಅವರ ಕೈಯಲ್ಲಿ ಪಳಗಿದ ಎಷ್ಟೋ ಮಕ್ಕಳು ಒಳ್ಳೊಳ್ಳೆ ಕೆಲಸ ಹಿಡಿದಿದ್ದಾರೆ. ಅವರಿಗೆ ಮಾತ್ರ ಯಾವ ಕಾಲೇಜಿನಲ್ಲೂ ಕುರ್ಚಿಯಿಲ್ಲ. ಎಂ.ಎ. ಇಲ್ಲವಂತೆ. ಬಿ.ಎ. ಮುಗಿದ ವರ್ಷವೇ ಮದುವೆ, ಮರುವರ್ಷ ಮಗು, ಅದರ ಹಿಂದೆಯೇ ಗಂಡನ ಕಾಯಿಲೆ. ಎಂ.ಎ. ಮಾಡುವುದು ಯಾವಾಗ? ಒಂದು ಖಾಸಗಿ ಶಾಲೆ ಕೆಲವು ವರ್ಷ ಪಾಠಕ್ಕೆ ಇಟ್ಟುಕೊಂಡು, ಫ್ರೆಂಚ್ ತೆಗೆದು ಕಂಪ್ಯೂಟರ್ ಹಾಕಿದಾಗ ಮನೆಗೆ ಕಳಿಸಿತು. ಅವತ್ತು ಒಂದು ಬಾಯಿಮಾತಿನ ಧನ್ಯವಾದವನ್ನೂ ಯಾರೂ ಹೇಳಲಿಲ್ಲ.

ಅವರ ಊರು ಕಾಮಸಮುದ್ರದ ಪಕ್ಕದ ಹಳ್ಳಿ. ಅಪ್ಪ ಕೋದಂಡಪ್ಪ, ಅವ್ವ ಪಾಪಕ್ಕ. ಮನೆಯಲ್ಲಿ ಹಸು, ಹೊಲದಲ್ಲಿ ರಾಗಿ, ಬಾಯಲ್ಲಿ ತೆಲುಗು. ಶಾಲೆ ಕನ್ನಡದ್ದು. ಕಾಲೇಜಿಗೆಂದು ಕೆಜಿಎಫ್‌ಗೆ ಹೋದರೆ ಅಲ್ಲಿ ಬೀದಿಯೆಲ್ಲ ತಮಿಳು. ಕನ್ನಡ ತರಗತಿಯಲ್ಲಿ ಕೂತರೆ ಇವರ ತೆಲುಗು ರಾಗಕ್ಕೆ ಹಿಂದಿನ ಬೆಂಚು ನಗುತ್ತಿತ್ತು. ತಮಿಳು ತರಗತಿ ಇವರದ್ದಲ್ಲ. ತೆಲುಗಿಗೆ ಮೇಷ್ಟ್ರೇ ಇರಲಿಲ್ಲ. ಉಳಿದಿದ್ದು ಮೂಲೆಯ ಕೋಣೆಯ ಫ್ರೆಂಚ್.

“ಅಲ್ಲಿಗೋದ್ರೆ ನೆಮ್ಮದಿ. ಅದು ಯಾರ ಮನೆ ಮಾತೂ ಅಲ್ಲ. ಕನ್ನಡದೋರು, ತಮಿಳೋರು, ನಾವು, ಎಲ್ಲ ಒಂದೇ ಸಮ ತಪ್ಪಾಡ್ತಿದ್ವಿ. ಯಾರಿಗೆ ಯಾರು ನಗೋದು?”

ಮಾತು ಬಂತು, ಪ್ರಬಂಧ ಬರಲಿಲ್ಲ. ಫ್ರೆಂಚ್ ಪರೀಕ್ಷೆಯ ಪ್ರಬಂಧಕ್ಕೆ ಒಂದು ಕಟ್ಟು ಇದೆ. ಮೊದಲು ಹೌದು ಎನ್ನುವವನ ಪಕ್ಷ, ಆಮೇಲೆ ಅಲ್ಲ ಎನ್ನುವವನ ಪಕ್ಷ, ಕೊನೆಗೆ ಎರಡನ್ನೂ ತೂಗಿ ತೀರ್ಮಾನ. ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದರೂ ಯಾರ ತಲೆಗೂ ಹೋಗಲಿಲ್ಲ. ರಾಧ ಅವರ ತಲೆಗೆ ಅದು ಹೋಗಿದ್ದು ಊರಿನ ಅರಳಿಕಟ್ಟೆಯಲ್ಲಿ. ಪಕ್ಕದ ಮನೆಯ ಹಸು ಇವರ ರಾಗಿ ಪೈರು ಮೇಯ್ದಿತ್ತು. ಪಂಚಾಯ್ತಿ ಸೇರಿತು. ಪಾಪಕ್ಕ ಬೆಳೆ ಹೋಯಿತೆಂದು ಕೂಗಿದರು. ಹಸುವಿನವನು ಬೇಲಿ ಯಾಕೆ ಹಾಕಲಿಲ್ಲವೆಂದು ಕೂಗಿದ. ಕಟ್ಟೆಯ ಮೇಲಿನ ಹಿರಿಯರು ಇಬ್ಬರನ್ನೂ ದಣಿಯಲು ಬಿಟ್ಟು, ಬೇಲಿ ನೀನು ಹಾಕು, ಮುಳ್ಳು ಅವನು ತಂದುಕೊಡಲಿ ಎಂದರು. “ನಿಂತ ಕಡೆನೇ ನಂಗೆ ಒಳೀತು. ಅಯ್ಯೋ, ಮೇಷ್ಟ್ರು ಏಳ್ತಿದ್ದಿದ್ದು ಇದೇ ಅಲ್ವಾ! ನಮ್ಮೂರ ನ್ಯಾಯನೇ ಫ್ರೆಂಚಲ್ಲಿ ಬರೀಬೇಕು, ಅಷ್ಟೇಯ.”

ಅಂದಿನಿಂದ ಅವರ ಪಾಠ ಇದೇ. ಮೊದಲು ನಿನ್ನ ಮನೆಯ ಮಾತಿನಲ್ಲಿ ಜಗಳವಾಡು. ಫ್ರೆಂಚ್‌ನಲ್ಲಿ ಹೌದು ಎಂದರೆ ವೀ, ಅಲ್ಲ ಎಂದರೆ ನೋಂ. ಹುಡುಗರು ವೀ ಪಾರ್ಟಿ, ನೋಂ ಪಾರ್ಟಿ ಎಂದು ಹಂಚಿಕೊಳ್ಳುತ್ತಾರೆ. ಒಬ್ಬರೇ ಇದ್ದರೆ ಎರಡು ಪಾರ್ಟಿಯೂ ತಾವೇ ಆಗಿ ಗೊಣಗುತ್ತಾರೆ. ಇನ್ನೊಂದು ನಿಯಮ: ನೀನು ಕೈಯಲ್ಲಿ ಮುಟ್ಟಿರುವ ವಸ್ತುವೊಂದು ಪ್ರಬಂಧದಲ್ಲಿ ಇರಲೇಬೇಕು. ಹೊಸ ಆವಿಷ್ಕಾರ, ಮನುಷ್ಯನ ಸೃಜನಶೀಲತೆ ಎಂಬುದು ಪರೀಕ್ಷೆಗೆ ಮೇಲಿಂದ ಮೇಲೆ ಬರುವ ವಿಷಯ. ಅದಕ್ಕೆ ಅಂಗಡಿಯಲ್ಲಿ ಸಿಗುವ ಗೈಡಿನಲ್ಲಿ ಸಿದ್ಧ ಪ್ರಬಂಧವಿದೆ: ಚಕ್ರ, ಬಲ್ಬು, ಟೆಲಿಫೋನು, ರಾಕೆಟ್ಟು. ಅದನ್ನು ಯಾರಾದರೂ ಬಾಯಿಪಾಠ ಮಾಡಿಕೊಂಡು ಬಂದರೆ ರಾಧಕ್ಕನಿಗೆ ಮೈ ಉರಿಯುತ್ತದೆ. “ರಾಕೆಟ್ಟು ಮುಟ್ಟಿದೀಯೇನ್ಲಾ? ಬಂಗಾರಪೇಟೆ ಪಾನಿಪೂರಿ ತಿಂದಿದೀಯ ತಾನೆ? ಊರೆಲ್ಲ ಅಸ್ರು ನೀರು ಕೊಡುವಾಗ ಇಲ್ಲಿ ಮಾತ್ರ ಕುಡಿಯೋ ನೀರಂಗೆ ಬೆಳ್ಳಗಿರ್ತದೆ, ಬಾಯಿಗಿಟ್ರೆ ಕಣ್ಣಲ್ಲಿ ನೀರು ಬತ್ತದೆ. ಯಾರೋ ಒಬ್ರು ತಲೆ ಓಡ್ಸಿದ್ದಕ್ಕೆ ತಾನೆ? ಬರಿ ಅದ್ನ!”

ಲಿಖಿತ ಪರೀಕ್ಷೆಯಲ್ಲಿ ಹಾಗೆಯೇ ಬರೆದಳು. ಹೊಸ ಯಂತ್ರಗಳು ಮನುಷ್ಯನ ಸೃಜನಶೀಲತೆಯನ್ನು ಬೆಳೆಸುತ್ತವೆಯೇ, ಕುಂದಿಸುತ್ತವೆಯೇ ಎಂಬುದು ಪ್ರಶ್ನೆ. ಅವಳ ತಾಯಿ ಚಿಕ್ಕವೆಂಕಟಮ್ಮ ಊರಿನ ದೊಡ್ಡ ಕೊಟ್ಟಿಗೆಯೊಂದರಲ್ಲಿ ಹಾಲು ಕರೆಯುವ ಕೂಲಿ. ಯಜಮಾನ ಹಾಲು ಕರೆಯುವ ಮಿಷನ್ ತಂದ. ಒಂದು ಹಸು ಮಾತ್ರ ಅದರ ಸದ್ದಿಗೆ ಬೆದರಿ ಹಾಲನ್ನು ಮೇಲಕ್ಕೆ ಎಳೆದುಕೊಂಡಿತು. ಕಂಪನಿಯವನು ಬಂದು ತಿರುಪು ತಿರುಗಿಸಿ ಸೋತು ಹೋದ. ಚಿಕ್ಕವೆಂಕಟಮ್ಮ ತಾನು ಕೊಟ್ಟಿಗೆಗೆ ಉಡುತ್ತಿದ್ದ ಹಳೆಯ ಸೀರೆಯನ್ನು ಒಗೆಯದೆ ತಂದು ಮಿಷನ್ನಿನ ಮೇಲೆ ಹೊದಿಸಿದರು. ಹಸು ಮೂಸಿತು. ಹಾಲಿನ ತೊರೆ ಬಿಟ್ಟಿತು. ಯಂತ್ರ ಹಾಲನ್ನು ಎಳೆಯಬಲ್ಲದು, ಹಸುವಿಗೆ ಯಾರ ವಾಸನೆ ಬೇಕೆಂದು ಹೊಳೆಯುವುದು ಮನುಷ್ಯರಿಗೆ. ಯಂತ್ರ ಬರದಿದ್ದರೆ ಸೀರೆಯ ಈ ಉಪಾಯ ಹುಟ್ಟುತ್ತಲೂ ಇರಲಿಲ್ಲ. ಇದು ಅವಳ ತೀರ್ಮಾನ.

ಇದನ್ನು ಬರೆಯುವಾಗ ಅವಳು ಕೈಯಾಡಿಸುತ್ತಾ ತನ್ನಷ್ಟಕ್ಕೆ ಗೊಣಗುತ್ತಿದ್ದಳು. ವೀ ಪಾರ್ಟಿಯೂ ಅವಳೇ, ನೋಂ ಪಾರ್ಟಿಯೂ ಅವಳೇ. ತೆಲುಗಿನಲ್ಲಿ ‘ಕಾದು, ಕಾದು’, ಅಂದರೆ ಅಲ್ಲ, ಅಲ್ಲ ಎಂದು ತಲೆಯಾಡಿಸಿದ್ದನ್ನು ಮೇಲ್ವಿಚಾರಕರು ಕಂಡರು. ಕಿವಿಯಲ್ಲಿ ಏನನ್ನೋ ಸಿಕ್ಕಿಸಿಕೊಂಡು ಹೊರಗಿನವರ ಹತ್ತಿರ ಮಾತಾಡುತ್ತಿದ್ದಾಳೆ ಎಂದು ಬರೆದರು. ಎಲ್ಲರ ಮುಂದೆ ಜಡೆ ಬಿಚ್ಚಿಸಿ ಕಿವಿ ನೋಡಿದರು. ಒಂದು ಹಿತ್ತಾಳೆ ಓಲೆ ಬಿಟ್ಟರೆ ಏನೂ ಸಿಗಲಿಲ್ಲ. ಸಿಗದಿದ್ದರೂ ಫಲಿತಾಂಶ ತಡೆದರು. ಅದೇ ಕೋಣೆಯಲ್ಲಿ ಗೈಡಿನ ಚಕ್ರ, ಬಲ್ಬು, ರಾಕೆಟ್ಟನ್ನು ಅಕ್ಷರ ಬಿಡದೆ ಇಳಿಸಿದವರೆಲ್ಲ ಪಾಸಾಗಿ ಮನೆಗೆ ಹೋದರು. ಮನುಷ್ಯನ ಸೃಜನಶೀಲತೆಯ ಬಗ್ಗೆ ಬರೆಯಿರಿ ಎಂದು ಕೇಳುವವರು ಇವರೇ. ಒಬ್ಬಳು ಸ್ವಂತ ತಲೆಯಿಂದ ಬರೆದರೆ ಅವಳ ಜಡೆ ಬಿಚ್ಚಿಸುವವರೂ ಇವರೇ. ಇದಕ್ಕೆ ಏನನ್ನಬೇಕು?

ಬೆಳಿಗ್ಗೆ ಮಗಳನ್ನು ಕಳಿಸಲು ಚಿಕ್ಕವೆಂಕಟಮ್ಮ ಹಾಲಿನ ಗಾಡಿಯಲ್ಲಿ ಬಂಗಾರಪೇಟೆ ನಿಲ್ದಾಣದವರೆಗೂ ಬಂದಿದ್ದರು. ಅದೇ ಗಾಡಿಯಲ್ಲಿ ಹಿಂದಕ್ಕೆ ಹೋಗಬೇಕು, ಹಸುಗಳು ಕಾಯುತ್ತವೆ. “ಅವ್ರು ಏನಂದ್ರೂ ಊಂ ಅಂದ್ಬುಡಮ್ಮಿ. ನಮ್ಮಂತೋರು ಬಾಯಿ ಮಾಡ್ಬಾರ್ದು,” ಎಂದು ಮಗಳ ಕೆನ್ನೆ ಸವರಿದರು. ಆಮೇಲೆ ರಾಧ ಅವರ ಕಡೆ ತಿರುಗಿ, “ನೀನು ಬಾಯಿ ಕಲಿಸ್ದೆ, ನೀನೇ ಕಾಪಾಡವ್ವ,” ಎಂದರು.

ಆ ಮಾತು ರಾಧ ಅವರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. ವೈಟ್‌ಫೀಲ್ಡ್ ಬಂದಾಗ ಅಭ್ಯಾಸಬಲದಿಂದ ಎದ್ದು ನಿಂತು, ಮತ್ತೆ ಕೂರುತ್ತಾರೆ. “ಪರೀಕ್ಷೆ ರೂಮಲ್ಲಿ ಸುಮ್ನಿರು ಅಂತ ಒಂದು ಮಾತು ನಾನು ಏಳ್ಬೇಕಾಗಿತ್ತೇನೋ,” ಎಂದು ತಮ್ಮಷ್ಟಕ್ಕೆ ಅಂದುಕೊಳ್ಳುತ್ತಾರೆ. ಮರುಗಳಿಗೆಯೇ ಕಣ್ಣು ಕೆಂಪಾಗುತ್ತದೆ. “ಯಾಕೆ ಏಳ್ಲಿ? ಮನಸಲ್ಲಿ ಲೆಕ್ಕ ಮಾಡೋರು ಬೆರಳು ಮಡಿಸಲ್ವಾ? ಬೆರಳು ಕಟ್ಟಾಕ್ತಾರಾ?”

ಕಾಲೇಜಿನ ಮುಂಬಾಗಿಲಿಗೆ ಅಡ್ಡಲಾಗಿ ಬಟ್ಟೆಯ ಬ್ಯಾನರ್ ಕಟ್ಟಿದ್ದಾರೆ: ನಾವೀನ್ಯ ಸಪ್ತಾಹ. ಅದರ ಕೆಳಗೇ ಲಿಖಿತ ತಲೆ ತಗ್ಗಿಸಿ ಒಳಗೆ ಹೋಗುತ್ತಾಳೆ. ವಿಚಾರಣೆಯ ಕೋಣೆಗೆ ರಾಧ ಅವರನ್ನು ಬಿಡುವುದಿಲ್ಲ. ನೀವು ತಾಯಿಯೇ? ಅಲ್ಲ. ಕಾಲೇಜಿನ ಸಿಬ್ಬಂದಿಯೇ? ಅಲ್ಲ. ಹಾಗಾದರೆ ಹೊರಗೆ ಕೂತಿರಿ. ಅವರು ಹೊರಗಿನ ಬೆಂಚಿನ ಮೇಲೆ ಟಿಫನ್ ಬ್ಯಾಗ್ ಹಿಡಿದು ಕೂರುತ್ತಾರೆ. ಹುಡುಗಿಗೆ ಫ್ರೆಂಚ್ ಕಲಿಸಿದವರು ಹೊರಗೆ, ಗೈಡಿಗೆ ಅಂಕ ಕೊಟ್ಟವರು ಒಳಗೆ!

ಚಹಾದ ತಟ್ಟೆ ಹಿಡಿದು ಬಂದ ಕುಪ್ಪುಸ್ವಾಮಿ ಬೆಂಚಿನ ಕಡೆ ನೋಡಿ, ಬಾಗಿಲು ನೂಕಿಕೊಂಡು ಒಳಗೆ ಹೋಗುತ್ತಾರೆ. ಬಾಗಿಲನ್ನು ಪೂರ್ತಿ ಮುಚ್ಚುವುದಿಲ್ಲ. ಆ ಸಂದಿಯಿಂದ ಒಳಗಿನದ್ದೆಲ್ಲ ರಾಧ ಅವರಿಗೆ ಕಾಣುತ್ತದೆ, ಕೇಳುತ್ತದೆ.

ಮೇಜಿನ ಹಿಂದೆ ಮೂವರು. ನಡುವೆ ಸಮಿತಿಯ ಅಧ್ಯಕ್ಷರು, ಒಂದು ಪಕ್ಕ ಫ್ರೆಂಚ್ ಉಪನ್ಯಾಸಕಿ, ಇನ್ನೊಂದು ಪಕ್ಕ ಟೈ ಕಟ್ಟಿದವರೊಬ್ಬರು. ಉಪನ್ಯಾಸಕಿ ಉತ್ತರ ಪತ್ರಿಕೆ ತಿರುಗಿಸುತ್ತಾ ಕೇಳುತ್ತಾರೆ: “ಈ ಸೀರೆಯ ಉದಾಹರಣೆ ನಮ್ಮ ಯಾವ ಪುಸ್ತಕದಲ್ಲೂ ಇಲ್ಲ. ಎಲ್ಲಿಂದ ತಂದೆ?”

“ಕೊಟ್ಟಿಗೆಯಿಂದ ಮೇಡಂ.”

ಟೈ ಕಟ್ಟಿದವರು ನಗುತ್ತಾರೆ. ಅಧ್ಯಕ್ಷರು ನಗುವುದಿಲ್ಲ. ಖಾಲಿ ಹಾಳೆಯೊಂದನ್ನು ಮುಂದೆ ತಳ್ಳುತ್ತಾರೆ. “ಸರಿ. ಅದೇ ವಿಷಯ, ಬೇರೆ ಉದಾಹರಣೆ. ಇಲ್ಲೇ ಬರಿ, ನೋಡೋಣ. ತುಟಿ ಅಲ್ಲಾಡಬಾರದು.”

ಲಿಖಿತ ಪೆನ್ನು ಹಿಡಿಯುತ್ತಾಳೆ. ತುಟಿ ಕಚ್ಚಿಕೊಂಡಿದ್ದಾಳೆ. ಪೆನ್ನು ಓಡುವುದಿಲ್ಲ. ಫ್ಯಾನು ತಿರುಗುತ್ತದೆ. ಹೊರಗೆ ಬೆಂಚಿನ ಮೇಲೆ ರಾಧ ಅವರ ಬೆರಳುಗಳು ಬ್ಯಾಗಿನ ಹಿಡಿಯನ್ನು ಹಿಂಡುತ್ತಿವೆ. ‘ಕಾದು’ ಅನ್ನೇ, ಒಂದು ಸಲ ಅನ್ನೇ ಎಂದು ಅವರ ತುಟಿಯೂ ಅಲ್ಲಾಡುತ್ತಿದೆ. ಹಾಳೆ ಮಾತ್ರ ಖಾಲಿ.

“ನೋಡಿದಿರಾ,” ಎಂದು ಅಧ್ಯಕ್ಷರು ಅಕ್ಕಪಕ್ಕದವರಿಗೆ ಹೇಳುತ್ತಾರೆ. “ಬಾಯಿ ಮುಚ್ಚಿಸಿದರೆ ಬರೆಯೋಕೆ ಬರಲ್ಲ.”

ಲಿಖಿತ ತಲೆಯೆತ್ತುತ್ತಾಳೆ. “ಸಾರ್, ನಂಗೆ ಅಲ್ಲ ಅನ್ನೋರು ಒಬ್ರು ಬೇಕು.”

“ನಾವು ಮೂವರೂ ಅಲ್ಲ ಅಂತಲೇ ಹೇಳ್ತಿದ್ದೀವಲ್ಲಮ್ಮ.”

“ನೀವು ನನ್ನನ್ನೇ ಅಲ್ಲ ಅಂತಿದೀರಿ ಸಾರ್. ನನ್ನ ಮಾತಿಗೆ ಅಲ್ಲ ಅನ್ನೋರು ಬೇಕು.”

ಲೋಟ ಎತ್ತಿಕೊಳ್ಳುತ್ತಿದ್ದ ಕುಪ್ಪುಸ್ವಾಮಿ ಗಂಟಲು ಸರಿಮಾಡಿಕೊಳ್ಳುತ್ತಾರೆ. “ನಾನು ಅಂತೀನಿ ಸಾರ್. ದಿನಾ ರೈಲಲ್ಲಿ ಇವ್ರ ಸಂಡೆ ಕೇಳಿ ಕೇಳಿ ಕಿವಿ ತೂತಾಗೋಗಿದೆ. ನಂಗೆ ಬರುತ್ತೆ.” ಅಧ್ಯಕ್ಷರು ಬೇಡವೆನ್ನುವ ಮೊದಲೇ ಹುಡುಗಿಯ ಕಡೆ ತಿರುಗುತ್ತಾರೆ. “ಏಮ್ಮಾ, ಮಿಷಿನ್ ಬಂದ ಮೇಲೆ ಮನುಷ್ಯನಿಗೆ ಏನು ಕೆಲ್ಸ? ಗಣೀಲಿ ಮಿಷಿನ್ ಇಳಿಸಿದ್ಮೇಲೆ ನಮ್ಮಪ್ಪ ಕೈ ಕಟ್ಕೊಂಡು ಕೂತ್ರು. ಇಲ್ಲಿ ನೋಡು, ನಾನು ಬೆಲ್ಲು ಹೊಡೀತಿದ್ದೆ. ಈಗ ಅದೇ ಹೊಡ್ಕೊಳ್ಳುತ್ತೆ. ಮಿಷಿನ್ ಬಂತು, ಬುದ್ಧಿ ಪೋಚು! ಹೋಯ್ತು!”

ಲಿಖಿತಳ ಬೆನ್ನು ನೆಟ್ಟಗಾಗುತ್ತದೆ. “ಅಂಗಾ? ಪರೀಕ್ಷೆ ದಿನ ನಡುವೆ ಆ ಬೆಲ್ಲು ಸುಮ್ ಸುಮ್ನೆ ಒಡ್ಕೊಳ್ಳಲ್ವಾ?”

“ಹೊಡ್ಕೊಳ್ಳುತ್ತೆ. ಅದಕ್ಕೇನು ಗೊತ್ತು ಪರೀಕ್ಷೆ?”

“ಆವಾಗ ಅದಕ್ಕೆ ಅಳೇ ಮಫ್ಲರ್ ಸುತ್ತೋರು ಯಾರಣ್ಣಾ?”

ಕುಪ್ಪುಸ್ವಾಮಿ ಎತ್ತಿದ ಲೋಟವನ್ನು ಮತ್ತೆ ಮೇಜಿನ ಮೇಲಿಡುತ್ತಾರೆ. “ನಾನೇ.”

“ಮಫ್ಲರ್ ಸುತ್ತು ಅಂತ ಮಿಷಿನ್ ಏಳ್ತಾ? ಇಲ್ಲಾ ಈ ಸಾರ್‌ಗಳು ಏಳಿದ್ರಾ?”

“ಅಯ್ಯಯ್ಯೋ, ನನ್ನನ್ನೇ ಸಿಗಾಕಿಬಿಟ್ಯಲ್ಲಮ್ಮಾ!” ಕುಪ್ಪುಸ್ವಾಮಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಗುತ್ತಾರೆ. “ಆಯ್ತು, ದೋಂಕ್ ಹೇಳು, ದೋಂಕ್! ನಂಗೆ ಲೋಟ ತೊಳೀಬೇಕು.”

ಅವಳು ಬರೆಯುತ್ತಾಳೆ. ಮಫ್ಲರ್ ಸುತ್ತಿದ ಗಂಟೆಯ ಮೇಲೆ ಹಾಳೆಯ ಎರಡೂ ಬದಿ ತುಂಬುತ್ತದೆ. ಬರೆಯುವಾಗ ತುಟಿ ಅಲ್ಲಾಡುತ್ತಲೇ ಇದೆ. ಈ ಸಲ ಯಾರೂ ತಡೆಯುವುದಿಲ್ಲ. ಉಪನ್ಯಾಸಕಿ ಓದಿ ನೋಡಿ, ಒಂದೆರಡು ಕಡೆ ತಪ್ಪು ಗುರುತು ಹಾಕಿ, “ಅದೇ ಕೈ, ಅದೇ ರೀತಿ. ಬರೆದವಳು ಇವಳೇ,” ಎಂದು ಮೆಲ್ಲಗೆ ಹೇಳುತ್ತಾರೆ.

ಇಲ್ಲಿಗೆ ಮುಗಿಯಬೇಕಿತ್ತು. ತಪ್ಪಾಯಿತಮ್ಮ ಎಂದು ಒಂದು ಮಾತು ಹೇಳಿ ಕಳಿಸಿದ್ದರೆ ಯಾರ ಕಿರೀಟವೂ ಬೀಳುತ್ತಿರಲಿಲ್ಲ. ಅಧ್ಯಕ್ಷರು ಮಾತ್ರ ಅಲ್ಲೇ ಒಂದು ಹಾಳೆ ಟೈಪು ಮಾಡಿಸಿ ಓದುತ್ತಾರೆ: ವಿದ್ಯಾರ್ಥಿನಿಗೆ ಸಂಶಯದ ಲಾಭ ನೀಡಿ ಫಲಿತಾಂಶ ಪ್ರಕಟಿಸಲಾಗುವುದು, ಮುಂದೆ ಯಾವುದೇ ಪರೀಕ್ಷೆಯಲ್ಲಿ ತುಟಿ ಅಲ್ಲಾಡಿಸುವುದಿಲ್ಲ ಎಂದು ಆಕೆ ಮುಚ್ಚಳಿಕೆಗೆ ಸಹಿ ಹಾಕತಕ್ಕದ್ದು. ಸಹಿ ಹಾಕದಿದ್ದರೆ ಫಲಿತಾಂಶವಿಲ್ಲ.

ಬಾಗಿಲು ಗೋಡೆಗೆ ಬಡಿಯುತ್ತದೆ. ರಾಧ ಹೊಸ್ತಿಲ ಮೇಲೆ ನಿಂತಿದ್ದಾರೆ. “ಸಂಶಯ ನಿಮ್ದು, ಲಾಭ ನಮಗಾ? ತುಟಿ ಅಲ್ಲಾಡಿಸ್ಬಾರ್ದು ಅಂದ್ರೆ ಉಸಿರು ಬಿಡ್ಬೋದಾ ಸ್ವಾಮಿ? ಎಲ್ರ ಮುಂದೆ ಜಡೆ ಬಿಚ್ಚಿಸಿದ್ರಲ್ಲ, ಅದಕ್ಕೆ ಯಾರು ಬರ್ಕೊಡ್ತಾರೆ ಮುಚ್ಚಳಿಕೆ?”

“ಯಾರಮ್ಮ ನೀವು?”

“ಇವಳಿಗೆ ಜಗಳ ಕಲಿಸಿದೋಳು.” ಲಿಖಿತಳ ಕಡೆ ತಿರುಗುತ್ತಾರೆ. “ಸಹಿ ಆಕ್ಬೇಡ ಕಣೇ. ಎದ್ದೇಳು. ಓಗಾನ ನಡಿ!”

ಹುಡುಗಿ ಏಳುವುದಿಲ್ಲ. ಒಂದು ಕಡೆ ಅವ್ವ ಹೇಳಿದ ‘ಊಂ ಅಂದ್ಬುಡು’, ಇನ್ನೊಂದು ಕಡೆ ರಾಧಕ್ಕನ ‘ಓಗಾನ ನಡಿ’. ಹಾಕಿದರೆ ತಪ್ಪು ಒಪ್ಪಿಕೊಂಡ ಹಾಗೆ, ಹಾಕದಿದ್ದರೆ ಮಾಲೂರಿನ ಕೆಲಸ ಹೋದ ಹಾಗೆ. ಅವಳ ತುಟಿ ಸಣ್ಣಗೆ ಅಲ್ಲಾಡುತ್ತದೆ. “ಇರಿ ರಾಧಕ್ಕ,” ಎನ್ನುತ್ತಾಳೆ. ಮುಚ್ಚಳಿಕೆಯನ್ನು ಹತ್ತಿರಕ್ಕೆ ಎಳೆದುಕೊಂಡು ‘ತುಟಿ ಅಲ್ಲಾಡಿಸುವುದಿಲ್ಲ’ ಎಂಬುದರ ಮೇಲೆ ಅಡ್ಡ ಗೆರೆ ಎಳೆಯುತ್ತಾಳೆ. ಅದರ ಮೇಲೆ ದುಂಡಗೆ ಬರೆಯುತ್ತಾಳೆ: ‘ಪಕ್ಕದವರಿಗೆ ಕೇಳಿಸುವಂತೆ ಮಾತಾಡುವುದಿಲ್ಲ’. ಕೆಳಗೆ ಸಹಿ ಹಾಕಿ ಹಾಳೆಯನ್ನು ಅಧ್ಯಕ್ಷರ ಕಡೆ ತಿರುಗಿಸುತ್ತಾಳೆ.

“ಪಕ್ಕದೋರಿಗೆ ತೊಂದ್ರೆ ಆಗ್ಬಾರ್ದು ಸಾರ್, ಅದು ನಿಮ್ಮ ನ್ಯಾಯ. ಒಪ್ಕೊಂಡೆ. ತುಟಿ ನಂದು.”

ಅಧ್ಯಕ್ಷರ ಮುಖ ಕೆಂಪಾಗುತ್ತದೆ. ಉಪನ್ಯಾಸಕಿಯನ್ನು ನೋಡುತ್ತಾರೆ. ಆಕೆ ಉತ್ತರ ಪತ್ರಿಕೆಯಿಂದ ಕಣ್ಣೆತ್ತುವುದಿಲ್ಲ. ಟೈ ಕಟ್ಟಿದವರು ಗಡಿಯಾರ ನೋಡುತ್ತಾರೆ. ಕೊನೆಗೆ ಅಧ್ಯಕ್ಷರು, “ಹೋಗಿ, ಹೋಗಿ,” ಎಂದು ಠಸ್ಸೆ ಒತ್ತುತ್ತಾರೆ. ಕ್ಷಮೆಯ ಮಾತು ಆ ಕೋಣೆಯಲ್ಲಿ ಆಗಲೂ ಹುಟ್ಟಲಿಲ್ಲ.

ಸಂಜೆಯ ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲ. ಲಿಖಿತ ಅವ್ವನಿಗೆ ಫೋನು ಮಾಡಿ, “ಊಂ ಅಂದೆ ಕಣವ್ವ, ಆದ್ರೆ ಪೂರ್ತಿ ಅನ್ಲಿಲ್ಲ,” ಎಂದು ಹೇಳಿ ನಗುತ್ತಾಳೆ, ಹಾಗೇ ಕಣ್ಣು ಒರೆಸಿಕೊಳ್ಳುತ್ತಾಳೆ. ರಾಧ ಅವರಿಗೆ ನಾಳೆ ಕಾರ್ಖಾನೆಯಲ್ಲಿ ಏನು ಕಾದಿದೆಯೋ ಗೊತ್ತಿಲ್ಲ. ಕಾಲೇಜಿನಲ್ಲಿ ಒಂದು ಕುರ್ಚಿ ಸಿಗಬೇಕು ಎಂಬ ಆಸೆ ಉಳಿದಿಲ್ಲವೇ ಎಂದರೆ ತಲೆಯಾಡಿಸುತ್ತಾರೆ. “ಕುರ್ಚಿ ಬ್ಯಾಡ. ಪರೀಕ್ಷೆ ಶುರುವಾಗೋಕೆ ಮುಂಚೆ ಹುಡುಗ್ರಿಗೆ ಒಂದು ಗಳಿಗೆ ಬಾಯಿ ಬಿಟ್ಟು ಜಗಳ ಆಡೋಕೆ ಬಿಡ್ಲಿ. ಮಾಲೂರಿಂದ ದೇವನಗೊಂದಿಗೆ ಓಗೋಷ್ಟು ಒತ್ತು ಸಾಕು.”

ಕಿಟಕಿ ಪಕ್ಕದ ಕುಪ್ಪುಸ್ವಾಮಿ ತಲೆಯ ಟವೆಲು ಸರಿಸಿ ಕೇಳುತ್ತಾರೆ: “ಏಮ್ಮಾ ರಾಧ, ಆ ಗೆರೆ ಹೊಡೆದು ಮೇಲೆ ಬರೆದ್ಲಲ್ಲ, ಅದನ್ನ ಮೊದಲೇ ಹೇಳ್ಕೊಟ್ಟಿದ್ದಾ?”

ರಾಧ ಎದುರಿಗೆ ಕೂತ ಹುಡುಗಿಯನ್ನು ನೋಡುತ್ತಾರೆ. ಬಾಲಾಜಿ ಏನೋ ಕೆಣಕಿದ್ದಾನೆ, ಲಿಖಿತ ಎರಡೂ ಕೈ ಎತ್ತಿ ‘ಕಾದು, ಕಾದು’ ಎಂದು ಕೂಗುತ್ತಿದ್ದಾಳೆ.

“ಇಲ್ಲ ಕಣಣ್ಣ. ನಾನು ಏಳ್ಕೊಟ್ಟಿದ್ದು ಎದ್ದು ಓಗು ಅಂತ. ಅದು ಅವಳ್ದೇ.”